ಗುಳೆ ಹೋದವರೂ ಕೂಡುವ ಸಭೆ

ಬೆಂಗಳೂರು
ಗುರುವಾರ ರಾತ್ರಿ

ಪ್ರೀತಿಯ ಅಕ್ಕನಿಗೆ,

ಅವ್ವನ ಮೊಣಕಾಲು ನೋವು ಇಳಿದಿದೆ ಎಂದು ಕೇಳಿ ಜೀವಕ್ಕೆ ಸಮಾಧಾನವಾಯಿತು. ಗುಳೆ ಹೋದವರೂ ಕೂಡುವ ಸಭೆಯನ್ನು ಫೋನಿನಲ್ಲಿ ಯಾವುದರಲ್ಲಿ ಮಾಡಬೇಕೆಂದು ನೀನು ಕೇಳಿದ್ದಕ್ಕೆ ಕರೆ ಮಾಡಿಯೇ ಹೇಳಬಹುದಿತ್ತು. ಆದರೆ ನಿಮ್ಮ ಸ್ವಸಹಾಯ ಸಂಘದಲ್ಲಿ ಎಲ್ಲರೆದುರು ಓದಿ ಹೇಳುವಂತೆ ಬರೆದು ಕಳಿಸು ಎಂದೆಯಲ್ಲ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ. ಕೆಲವು ಮಾತು ನಿನಗಷ್ಟೇ. ಯಾವುದನ್ನು ಬಿಡಬೇಕೆಂದು ಓದುವಾಗ ನಿನಗೇ ತಿಳಿಯುತ್ತದೆ.

ಮೊದಲು ಉತ್ತರ. ರೊಕ್ಕದ ಮಾತು ಬರುವ ಸಭೆಯನ್ನು ಜಿಟ್ಸಿ ಮೀಟ್ ಎಂಬ ಮುಕ್ತ ತಂತ್ರಾಂಶದಲ್ಲಿ ಮಾಡಿ. ಅದನ್ನು ನಂಬಿಕಸ್ಥರು ನಡೆಸುವ ಸರ್ವರಿನಲ್ಲಿ ಮಾಡಿ. ಕ್ಯಾಮೆರಾ ಮುಚ್ಚಿ, ಬರೀ ದನಿಯಲ್ಲಿ ಮಾಡಿ. ವಾಟ್ಸಾಪನ್ನು ಬಿಡಬೇಕಿಲ್ಲ, ಸಭೆ ಎಷ್ಟು ಗಂಟೆಗೆ ಎಂದು ತಿಳಿಸಲು, ಲಿಂಕ್ ಕಳಿಸಲು ಅದು ಸಾಕು.

ಯಾಕೆ ಎಂದು ಸಂಘದವರು ಕೇಳುತ್ತಾರೆ, ಕೇಳಲೇಬೇಕು. ಸಂಜೀವಿನಿ ಯೋಜನೆಯವರು ನಿಮಗೆ ಹೇಳಿಕೊಟ್ಟ ಪಂಚಸೂತ್ರದಲ್ಲಿ ಮೊದಲನೆಯದು ನಿಯಮಿತ ಸಭೆ. ಉಳಿತಾಯ, ಆಂತರಿಕ ಸಾಲ, ಮರುಪಾವತಿ, ಪುಸ್ತಕ ಬರೆಯುವುದು, ಈ ನಾಲ್ಕೂ ಅದರ ಬೆನ್ನಿಗೆ ಬರುತ್ತವೆ. ನಮ್ಮ ಭಾಗದಲ್ಲಿ ಮೊದಲು ಮುರಿಯುವುದೂ ಅದೇ. ಹತ್ತಿ ಬಿಡಿಸಿ ಮುಗಿಯಿತು, ತೊಗರಿ ರಾಶಿಯಾಯಿತು ಅನ್ನುವಷ್ಟರಲ್ಲಿ ಹುಣಸಗಿ, ಸುರಪುರದ ಬಸ್‌ ಸ್ಟ್ಯಾಂಡಿನಲ್ಲಿ ಗಂಟುಮೂಟೆ ಸಾಲುಗಟ್ಟುತ್ತವೆ. ನಾರಾಯಣಪುರ ಡ್ಯಾಮು ನಮಗೆ ದೂರವೇನಲ್ಲ, ಎಡದಂಡೆ ಕಾಲುವೆಯೂ ಇದೆ, ಆದರೆ ಕಾಲುವೆ ನೀರು ಮುಟ್ಟುವ ಹೊಲ ಎಲ್ಲರಿಗೂ ಇಲ್ಲ. ಇಲ್ಲದವರು ಗುಳೆ ಹೋಗುತ್ತಾರೆ. ಸಂಘದ ಅರ್ಧ ಮಂದಿ ಬೆಂಗಳೂರಿನ ತಗಡಿನ ಶೆಡ್ಡುಗಳಲ್ಲಿ, ಇನ್ನರ್ಧ ಮಂದಿ ನಮ್ಮೂರು ಕೊಡೇಕಲ್ಲಿನಲ್ಲಿ. ಉಳಿತಾಯದ ರೊಕ್ಕ ಫೋನ್‌ಪೇಯಲ್ಲಿ ಊರಿಗೆ ಬರುತ್ತದೆ, ಮಾತು ಬರುವುದಿಲ್ಲ. ಊರಲ್ಲಿದ್ದವರೇ ಕೂತು ಸಾಲ ಯಾರಿಗೆಂದು ಠರಾವು ಬರೆಯುತ್ತಾರೆ. ಅದರಲ್ಲಿ ಮೋಸ ಇರುವುದಿಲ್ಲ, ಆದರೂ ದೂರ ಇದ್ದವಳಿಗೆ ತನ್ನ ಬೆನ್ನ ಹಿಂದೆ ಏನೋ ನಡೆದಂತೆ ಅನಿಸುತ್ತದೆ. ಹೋದ ಸುಗ್ಗಿಯ ನಂತರ ನಿಮ್ಮ ಸಂಘದಲ್ಲಿ ಎದ್ದ ಜಗಳದ ಬೇರು ಅಲ್ಲೇ ಇತ್ತಲ್ಲ ಅಕ್ಕಾ. ಹಾಗಾಗಿ ಗುಳೆ ಹೋದವರೂ ಕೂಡುವ ಸಭೆ ಸಂಘದ ಉಳಿವಿನ ಪ್ರಶ್ನೆ ಎಂದೇ ನಾನು ತಿಳಿದಿದ್ದೇನೆ.

"ಅದಕ್ಯಾಕ್ ಬ್ಯಾರೇದು, ವಾಟ್ಸಾಪ್ ಐತಲ್ಲ?" ಎಂದು ಕಾಕಿ ಕೇಳುತ್ತಾಳೆ. ವಾಟ್ಸಾಪನ್ನು ನಾನು ಹಳಿಯುವುದಿಲ್ಲ. ಅದರ ಕರೆಯಲ್ಲಿ 32 ಮಂದಿ ಸೇರಬಹುದು. ಮಾತು ಆಡಿದವರ ಫೋನಿನಿಂದ ಕೇಳುವವರ ಫೋನಿನವರೆಗೂ ನಡುವೆ ಯಾರೂ ಬಿಡಿಸಲಾಗದಂತೆ ಹೋಗುತ್ತದೆ. ನನ್ನ ಚಿಂತೆ ಬೇರೆ. ವಾಟ್ಸಾಪ್ ಕಟ್ಟಿಕೊಂಡಿರುವುದು ಸಿಮ್ ನಂಬರಿಗೆ. ಸಂಘದಲ್ಲಿ ತಮ್ಮದೇ ಫೋನು, ತಮ್ಮದೇ ನಂಬರು ಇರುವವರು ಎಷ್ಟು ಮಂದಿ? ಕೆಲವರದು ಗಂಡನ ಫೋನು, ಕೆಲವರದು ಮಗನದು. ಗುಂಪಿಗೆ ಸೇರಿಸಿದರೆ ಸೇರಿದ್ದು ಸದಸ್ಯೆಯೋ, ಫೋನಿನ ಯಜಮಾನನೋ? ಸಣ್ಣವ್ವನ ಮನೆಯಲ್ಲಿ ಆದದ್ದು ನಿನಗೆ ನೆನಪಿದೆ. ಯಾರ ಕಂತು ಎಷ್ಟು ಬಾಕಿ ಎಂಬ ಪಟ್ಟಿಯನ್ನು ಅವಳಿಗಿಂತ ಮೊದಲು ಅವಳ ಮೈದುನ ಓದಿದ, ಸಂಜೆಗೆ ಕಟ್ಟೆಯ ಮೇಲೆಲ್ಲ ಅದೇ ಸುದ್ದಿ. ಬಾಕಿ ಉಳಿಸಿಕೊಂಡವಳು ಮುಂದಿನ ಎರಡು ಸಭೆಗೆ ಬರಲೇ ಇಲ್ಲ.

ಜಿಟ್ಸಿಯಲ್ಲಿ ನಂಬರ್ ಕೇಳುವುದಿಲ್ಲ. ಲಿಂಕ್ ಒತ್ತಿದರೆ ಬ್ರೌಸರಿನಲ್ಲೇ ತೆರೆಯುತ್ತದೆ. ಆ್ಯಪ್ ಹಾಕಿಕೊಳ್ಳುವುದಾದರೆ ಆ್ಯಪೂ ಇದೆ. ತನ್ನ ಹೆಸರು ಬರೆದು ಒಳಗೆ ಬಂದರಾಯಿತು. ಯಾರ ಫೋನಿನಲ್ಲಿ ಬಂದಳೆಂಬುದು ಉಳಿದವರಿಗೆ ಕಾಣುವುದಿಲ್ಲ, ಅಲ್ಲಿ ಬರೆದ ಚಾಟು ಸಭೆ ಮುಗಿದ ಮೇಲೆ ಆ ಫೋನಿನಲ್ಲಿ ಪಟ್ಟಿಯಾಗಿ ಕೂರುವುದಿಲ್ಲ. ಪಕ್ಕದ ಶೆಡ್ಡಿನವಳ ಫೋನು ಈಸಿಕೊಂಡೂ ಬರಬಹುದು, ಒಂದೇ ಫೋನಿನ ಮುಂದೆ ನಾಲ್ಕು ಮಂದಿಯೂ ಕೂರಬಹುದು.

ಇದಿಷ್ಟೇ ಆಗಿದ್ದರೆ ಈ ಸೌಲಭ್ಯ ಕೊಡುವ ಬೇರೆ ಕಂಪನಿಗಳೂ ಇವೆ ಎಂದು ನೀನೇ ಹೇಳುತ್ತಿದ್ದೆ. ಕಳೆದ ಸಲ ಅಂಥದ್ದೊಂದರಲ್ಲಿ ನೀವು ಕೂಡಿದ್ದಿರಲ್ಲ. ಸಾಲದ ಅರ್ಜಿ ಓದುತ್ತಿದ್ದಾಗಲೇ ಪುಕ್ಕಟೆ ವೇಳೆ ಮುಗಿಯಿತೆಂದು ಸಭೆ ಕಡಿದುಹೋಯಿತು, ಅರ್ಧ ಮಂದಿ ಮತ್ತೆ ಬರಲಿಲ್ಲ, ಠರಾವು ಅರ್ಧಕ್ಕೇ ನಿಂತಿತು. ರೊಕ್ಕ ಕಟ್ಟಿದರೆ ವೇಳೆ ಸಿಗುತ್ತದೆ, ನಿಜ. ಆದರೆ ನಿಯಮ ಅವರದು. ಇವತ್ತು ಒಂದು, ನಾಳೆ ಇನ್ನೊಂದು. ನಾನು ಮುಕ್ತ ತಂತ್ರಾಂಶವೇ ಬೇಕೆಂದು ಹಟ ಹಿಡಿಯುವುದು ಈ ಜಾಗದಲ್ಲಿ. ಇದನ್ನು ಸಂಘದಲ್ಲಿ ನಿಧಾನವಾಗಿ ಓದು.

2003ರಲ್ಲಿ ಎರಡು ತಂತ್ರಾಂಶಗಳು ಹುಟ್ಟಿದವು. ಒಂದು ಸ್ಕೈಪ್. ದೇಶ ಬಿಟ್ಟು ಹೋದ ಮಕ್ಕಳ ಮುಖವನ್ನು ತಂದೆತಾಯಿ ಕಂಪ್ಯೂಟರಿನಲ್ಲಿ ನೋಡಿದ್ದು ಬಹಳ ಕಾಲ ಅದರಲ್ಲೇ. ಇನ್ನೊಂದು, ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಎಮಿಲ್ ಇವೊವ್ ಎಂಬ ವಿದ್ಯಾರ್ಥಿ ಶುರುಮಾಡಿದ ಸಿಪ್ ಕಮ್ಯುನಿಕೇಟರ್. ಅದೇ ಮುಂದೆ ಜಿಟ್ಸಿ ಆಯಿತು. ಸ್ಕೈಪನ್ನು 2005ರಲ್ಲಿ ಈಬೇ ಕೊಂಡಿತು, 2011ರಲ್ಲಿ ಮೈಕ್ರೋಸಾಫ್ಟ್ ಕೊಂಡಿತು, 2025ರ ಮೇ 5ಕ್ಕೆ ಮೈಕ್ರೋಸಾಫ್ಟ್ ಅದನ್ನು ಮುಚ್ಚಿತು. ಕೋಟಿಗಟ್ಟಲೆ ಮಂದಿ ಬಳಸಿದ್ದ ಸ್ಕೈಪನ್ನು ನಾವು ನಡೆಸಿಕೊಳ್ಳುತ್ತೇವೆ ಎಂದು ಯಾರೂ ಎತ್ತಿಕೊಳ್ಳುವಂತಿರಲಿಲ್ಲ, ಏಕೆಂದರೆ ಅದರ ಒಳಗಿನ ಬರಹ, ಅಂದರೆ ಸೋರ್ಸ್ ಕೋಡ್, ಕಂಪನಿಯ ಹೊರಗೆ ಯಾರ ಕೈಯಲ್ಲೂ ಇರಲಿಲ್ಲ.

ಜಿಟ್ಸಿಯೂ ಕೈ ಬದಲಾಯಿಸಿತು. 2015ರಲ್ಲಿ ಅಟ್ಲಾಸಿಯನ್, 2018ರಲ್ಲಿ ಎಯ್ಟ್ ಬೈ ಎಯ್ಟ್ ಎಂಬ ಕಂಪನಿ. ಆದರೆ ಅದರ ಬರಹ ಅಪಾಚೆ 2.0 ಪರವಾನಗಿಯಲ್ಲಿ ಎಲ್ಲರ ಮುಂದೆ ಇದೆ. ಯಾರಾದರೂ ಓದಬಹುದು, ನಕಲು ಮಾಡಿಕೊಳ್ಳಬಹುದು, ತಿದ್ದಬಹುದು, ತಮ್ಮ ಸರ್ವರಿನಲ್ಲಿ ನಡೆಸಬಹುದು. ನಾಳೆ ಆ ಕಂಪನಿ ಬೇಡವೆಂದರೂ ಈಗಾಗಲೇ ಕೊಟ್ಟದ್ದನ್ನು ಮರಳಿ ಕಿತ್ತುಕೊಳ್ಳಲಾಗದು. ಇದರ ಗುರುತು 2023ರ ಆಗಸ್ಟಿನಲ್ಲೇ ಕಂಡಿತು. ಜಿಟ್ಸಿಯ ಮುಖ್ಯ ತಾಣದಲ್ಲಿ ಸಭೆ ತೆರೆಯುವವರು ಗೂಗಲ್, ಫೇಸ್‌ಬುಕ್ ಅಥವಾ ಗಿಟ್‌ಹಬ್ ಖಾತೆಯಿಂದ ಲಾಗಿನ್ ಆಗಲೇಬೇಕು ಎಂಬ ನಿಯಮ ಬಂತು. ದುರ್ಬಳಕೆ ತಡೆಯಲು ಹಾಗೆ ಮಾಡಿದ್ದು. ಅದು ಒಗ್ಗದವರು ಇನ್ನೊಂದು ಸರ್ವರಿಗೆ ಹೋದರು. ಅಲ್ಲಿಯೂ ಅದೇ ಜಿಟ್ಸಿ, ಅದೇ ಗುಂಡಿಗಳು. ಹೊಸದಾಗಿ ಕಲಿಯಲು ಏನೂ ಇರಲಿಲ್ಲ. ಸಂಘಗಳು ಎಷ್ಟು ಕಾಲ ಬಾಳುತ್ತವೆ ನೋಡು. ಸ್ತ್ರೀಶಕ್ತಿ ಯೋಜನೆ ನಮ್ಮ ರಾಜ್ಯದಲ್ಲಿ ಶುರುವಾದದ್ದು 2000-01ರಲ್ಲಿ. ಆಗ ಕಟ್ಟಿದ ಗುಂಪುಗಳ ಹೆಂಗಸರು ಈಗಲೂ ನಡಾವಳಿ ಪುಸ್ತಕ ಬರೆಯುತ್ತಿದ್ದಾರೆ, ಅವರ ಸೊಸೆಯಂದಿರೂ ಬರೆಯುತ್ತಿದ್ದಾರೆ. ಅಷ್ಟು ಬಾಳುವ ಸಂಘಕ್ಕೆ ಮಾಲೀಕರ ಮನಸ್ಸು ಬದಲಾದರೂ ಉಳಿಯುವ ಸಾಧನ ಬೇಕು.

ಇನ್ನು ಸರ್ವರ್ ಯಾರದು ಎಂಬ ಮಾತು. ಇದನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ನಮ್ಮ ಕೊಡೇಕಲ್ ಬಸವಣ್ಣನ ಪರಂಪರೆಯ ಕಾಲಜ್ಞಾನದ ಓಲೆಗಳನ್ನು ಅಮರಗನ್ನಡ ಲಿಪಿಯಲ್ಲಿ ಬರೆದಿಟ್ಟಿದ್ದರೆಂದು ಊರಲ್ಲಿ ಎಲ್ಲರಿಗೂ ಗೊತ್ತು. ಲಿಪಿ ಕಲಿತವರಿಗಷ್ಟೇ ಅದರ ಒಳಗು. ಜಿಟ್ಸಿಯಲ್ಲಿ ನಿಮ್ಮ ಮಾತು ಫೋನಿನಿಂದ ಹೊರಡುವಾಗ ಹಾಗೆಯೇ ದಾರಿಯಲ್ಲಿ ಯಾರೂ ಓದಲಾಗದ ರೂಪ ತಾಳುತ್ತದೆ. ಆದರೆ ಸರ್ವರಿಗೆ ಮುಟ್ಟಿದಾಗ ಒಮ್ಮೆ ಬಿಚ್ಚಿಕೊಂಡು, ಮತ್ತೆ ಗೂಢವಾಗಿ ಉಳಿದವರ ಕಡೆ ಹೊರಡುತ್ತದೆ. ಕೊನೆಯವರೆಗೂ ಬಿಚ್ಚದೆ ಕಳಿಸುವ ಏರ್ಪಾಡು ಅದರಲ್ಲಿ ಇದೆ, ಆದರೆ ಅದು ಎಲ್ಲ ಬ್ರೌಸರಿನಲ್ಲೂ ನಡೆಯುವುದಿಲ್ಲ. ನಿಮ್ಮ ಫೋನುಗಳಲ್ಲಿ ಅದನ್ನು ನೆಚ್ಚಬೇಡಿ. ಹಾಗಾಗಿ ಸರ್ವರ್ ನಡೆಸುವವರು ಮನಸ್ಸು ಮಾಡಿದರೆ ಅವರಿಗೆ ನಿಮ್ಮ ಮಾತು ಕೇಳುವ ದಾರಿ ಇರುತ್ತದೆ. ಇದನ್ನು ಮುಚ್ಚಿಟ್ಟು ಜಿಟ್ಸಿಯನ್ನು ಹೊಗಳಲು ನನಗೆ ಮನಸ್ಸಿಲ್ಲ.

ಮುಚ್ಚಿದ ತಂತ್ರಾಂಶದಲ್ಲಿ ಈ ವಿಷಯ ತಿಳಿಯುವುದೇ ಕಷ್ಟ. 2020ರ ಲಾಕ್‌ಡೌನಿನಲ್ಲಿ ಎಲ್ಲರೂ ಝೂಮ್ ಹಿಡಿದಾಗ ಅದು ಸುರಕ್ಷಿತವಲ್ಲ ಎಂದು ನಮ್ಮ ಕೇಂದ್ರ ಗೃಹ ಸಚಿವಾಲಯವೇ ಏಪ್ರಿಲ್ 16ರಂದು ಎಚ್ಚರಿಕೆ ಕೊಟ್ಟಿತು. ಮಾತು ಈ ಕೊನೆಯಿಂದ ಆ ಕೊನೆಯವರೆಗೂ ಗೂಢವೆಂದು ಆ ಕಂಪನಿ ಹೇಳಿಕೊಂಡದ್ದು ನಿಜವಲ್ಲವೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ದೂರು ಹೂಡಿ, ಅದೇ ವರ್ಷದ ನವೆಂಬರಿನಲ್ಲಿ ರಾಜಿ ಒಪ್ಪಂದಕ್ಕೆ ತಂದಿತು. ಆಮೇಲೆ ಅವರು ತಿದ್ದಿಕೊಂಡಿದ್ದಾರೆ. ಆದರೆ ಅಲ್ಲಿಯವರೆಗೆ ಬಳಸಿದವರು ಕಂಪನಿಯ ಬಾಯಿಮಾತನ್ನೇ ನಂಬಬೇಕಾಗಿತ್ತು. ಜಿಟ್ಸಿಯ ದೌರ್ಬಲ್ಯ ನನಗೆ ಗೊತ್ತಿರುವುದು ಅದರ ಬರಹ ತೆರೆದಿರುವುದರಿಂದ, ನನ್ನಂಥ ಸಾಮಾನ್ಯರಿಗಿಂತ ಬಲ್ಲವರು ಅದನ್ನು ಓದಿ ಹೇಳಿರುವುದರಿಂದ.

ನಂಬಬಹುದಾದ ಸರ್ವರ್ ನಡೆಸುವವರೂ ಇದ್ದಾರೆ. ಫ್ರಾನ್ಸಿನಲ್ಲಿ ಫ್ರಾಮಾಸಾಫ್ಟ್ ಎಂಬ ಸಂಘ ಜನರ ದೇಣಿಗೆಯಿಂದ ಜಿಟ್ಸಿ ಸರ್ವರ್ ನಡೆಸುತ್ತದೆ. ನಮ್ಮಲ್ಲಿ ಫ್ರೀ ಸಾಫ್ಟ್‌ವೇರ್ ಕಮ್ಯುನಿಟಿ ಆಫ್ ಇಂಡಿಯಾದ ಸ್ವಯಂಸೇವಕರು ಚಂದಾ ಎತ್ತಿ ಇಂಥ ಮುಕ್ತ ಸೇವೆಗಳನ್ನು ನಡೆಸುತ್ತಾರೆ. ಮುಕ್ತ ತಂತ್ರಾಂಶ ಇಂಜಿನಿಯರುಗಳ ಆಟ ಎಂದು ಯಾರಾದರೂ ಮೂಗು ಮುರಿದರೆ ಬೆಂಗಳೂರಿನ ಮಾತು ಹೇಳು. ಇಲ್ಲಿನ ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕದವರು ಗುರಪ್ಪನಪಾಳ್ಯದ ಹತ್ತಿರದ ಸುದರ್ಶನ ಬಡಾವಣೆಯ ಕೊಳೆಗೇರಿಯಲ್ಲಿ ಅಂಬೇಡ್ಕರ್ ಹೆಸರಿನ ಕಂಪ್ಯೂಟರ್ ಕೇಂದ್ರ ಕಟ್ಟಿ, ಅಲ್ಲಿನ ಕೂಲಿಕಾರರ ಮಕ್ಕಳಿಗೆ ಮುಕ್ತ ತಂತ್ರಾಂಶದಲ್ಲೇ ಕಲಿಸಿದರು.

ನನ್ನ ಆಸೆ ಇನ್ನೂ ದೊಡ್ಡದು ಅಕ್ಕಾ. ಒಂದು ಸಂಘಕ್ಕೆ ಸರ್ವರ್ ಬಾಡಿಗೆ ಹೊರೆ. ಪಂಚಾಯಿತಿ ಮಟ್ಟದ ಒಕ್ಕೂಟಕ್ಕೆ ಹೊರೆಯಲ್ಲ. ಡೆಬಿಯನ್ ಅಥವಾ ಉಬುಂಟು ಹಾಕಿದ ಸಣ್ಣ ಸರ್ವರಿನಲ್ಲಿ ಜಿಟ್ಸಿ ಕೂರಿಸುವುದು ಕಲಿತವರಿಗೆ ಒಂದು ಸಂಜೆಯ ಕೆಲಸ. ಕೂರಿಸುವುದಕ್ಕಿಂತ ನೋಡಿಕೊಳ್ಳುವುದು ದೊಡ್ಡದು. ತಿಂಗಳಿಗೊಮ್ಮೆಯಾದರೂ ಹೊಸ ತಿದ್ದುಪಡಿ ಹಾಕುವವರು ಬೇಕು. ಸುರಪುರದಲ್ಲಿ ಡಿಪ್ಲೊಮಾ ಓದುತ್ತಿರುವ ನಮ್ಮ ಕಾಕಾನ ಮಗಳಿಗೆ ಇದನ್ನು ಕಲಿಸುತ್ತೇನೆ, ಒಕ್ಕೂಟ ಅವಳಿಗೆ ಗೌರವಧನ ಕೊಡಲಿ. ಆಗ ಸರ್ವರ್ ನಡೆಸುವವಳು ನೀವು ಎದುರು ಕೂರಿಸಿಕೊಂಡು ಲೆಕ್ಕ ಕೇಳಬಹುದಾದವಳು. ಒಕ್ಕೂಟದ ಮುಂದೆ ಇದನ್ನು ಈ ವರ್ಷವೇ ಇಡು.

ಈಗ ಶೆಡ್ಡಿನ ಸಂಗತಿ. ಹೋದ ಭಾನುವಾರ ವೈನಿ ಇರುವಲ್ಲಿಗೆ ಹೋಗಿದ್ದೆ. ಹತ್ತಾರು ಶೆಡ್ಡಿಗೆ ಚಾರ್ಜಿಂಗ್ ಪಾಯಿಂಟು ಇರುವುದು ಗೇಟಿನ ಹತ್ತಿರ, ವಾಚ್‌ಮನ್ನನ ಗೂಡಿನಲ್ಲಿ. ಕೆಲಸ ಬಿಟ್ಟು ಬಂದು, ಸಿಮೆಂಟ್ ಮೆತ್ತಿದ ಮೈ ತೊಳೆದು, ಒಲೆ ಹೊತ್ತಿಸುವ ಹೊತ್ತಿಗೆ ಫೋನಿನಲ್ಲಿ ಚಾರ್ಜು ತಳ ಹಿಡಿದಿರುತ್ತದೆ. ತಗಡಿನ ಒಳಗೆ ಸಿಗ್ನಲ್ ಒಂದು ಕಡ್ಡಿ, ಹೊರಗೆ ಮೂರು. ವೈನಿ ಫೋನನ್ನು ನೀರಿನ ಡ್ರಮ್ಮಿನ ಮೇಲೆ ಒರಗಿಸಿ, ರೊಟ್ಟಿ ತಟ್ಟುತ್ತ, ಹಿಟ್ಟು ಹತ್ತಿದ ಬೆರಳಿನ ಗೆಣ್ಣಿನಿಂದ ಮೈಕ್ ಗುಂಡಿ ಒತ್ತುತ್ತಿದ್ದಳು. ಅವಳಿಗೆ ಒಗ್ಗುವ ಸಭೆ ಇಡೀ ಸಂಘಕ್ಕೆ ಒಗ್ಗುತ್ತದೆ ಎಂದು ಅಲ್ಲೇ ನನ್ನ ಮನಸ್ಸಿಗೆ ಬಂತು.

ಕ್ಯಾಮೆರಾ ಮುಚ್ಚಿ ಎಂದು ನಾನು ಹೇಳುವುದು ಅದನ್ನು ನೋಡಿದ್ದಕ್ಕೆ. ಸ್ಪಷ್ಟವಾದ ವಿಡಿಯೋ ಗಂಟೆಗೆ ಒಂದು ಜಿಬಿಯಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ತಿನ್ನುತ್ತದೆ. ದಿನದ ಪ್ಯಾಕು ಅಲ್ಲಿಗೇ ಖಾಲಿ. ಬರೀ ದನಿಯಾದರೆ ಹತ್ತಾರು ಎಂಬಿಯಲ್ಲಿ ಗಂಟೆ ಕಳೆಯುತ್ತದೆ. ಜಿಟ್ಸಿಯ ಸರ್ವರ್ ಎಲ್ಲರ ಚಿತ್ರವನ್ನು ಬೆರೆಸಿ ಒಂದು ಮಾಡುವುದಿಲ್ಲ. ಬಂದದ್ದನ್ನು ಬೇಕಾದವರಿಗೆ ಬೇಕಾದಷ್ಟು ಮಾತ್ರ ದಾಟಿಸುತ್ತದೆ. ಹಾಗಾಗಿ ವೈನಿ ತನ್ನ ಫೋನಿನಲ್ಲಿ ಕಡಿಮೆ ಡೇಟಾ ಬಳಕೆಯ ಆಯ್ಕೆ ಒತ್ತಿದರೆ ಉಳಿದವರ ವಿಡಿಯೋ ಅವಳ ಫೋನಿಗೆ ಬರುವುದೇ ಇಲ್ಲ. ಶುರುವಿನಲ್ಲಿ ಒಮ್ಮೆ ಎಲ್ಲರೂ ಮುಖ ತೋರಿಸಿ ಹಾಜರಿ ಹಾಕಿ, ಆಮೇಲೆ ಕ್ಯಾಮೆರಾ ಮುಚ್ಚಿ. ಮುಖ ನೋಡದೆ ಮಾತು ಶುರುವಾಗುವುದಿಲ್ಲ ನಮ್ಮ ಮಂದಿಗೆ, ಅದೂ ನನಗೆ ಗೊತ್ತು.

ಲೆಕ್ಕದ ಪುಸ್ತಕವನ್ನು ಕ್ಯಾಮೆರಾಕ್ಕೆ ಹಿಡಿದು ತೋರಿಸುವುದು ಬೇಡ. ಸಿಗ್ನಲ್ ಕುಂದಿದಾಗ 1,500 ಯಾವುದು, 7,500 ಯಾವುದು ಎಂದೇ ತಿಳಿಯುವುದಿಲ್ಲ. ಪುಸ್ತಕ ಬರೆಯುವವಳು ಪ್ರತಿ ಸಾಲನ್ನು ಗಟ್ಟಿಯಾಗಿ ಓದಲಿ, ಆ ಸಾಲಿನ ಸದಸ್ಯೆ ತನ್ನ ಬಾಯಿಂದ "ಖರೇ ಐತಿ" ಅನ್ನಲಿ, ಆಮೇಲೆ ಮುಂದಿನ ಸಾಲು. ಹೊತ್ತು ಹಿಡಿಯುತ್ತದೆ, ಹಿಡಿಯಲಿ. ಜಿಟ್ಸಿಯಲ್ಲಿ ಗಡಿಯಾರ ನೋಡಿ ಯಾರೂ ಹೊರಗೆ ಹಾಕುವುದಿಲ್ಲ. ಗುಳೆಯಿಂದ ಊರಿಗೆ ಬಂದಾಗ ಅವರ ಸಹಿ ಅಥವಾ ಹೆಬ್ಬೆಟ್ಟನ್ನು ಆ ನಡಾವಳಿಗೆ ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.

ಸಭೆಯ ಕೋಣೆಗೆ ಕೊಡೇಕಲ್ ಎಂದೋ ಸಂಘದ ಹೆಸರನ್ನೋ ಇಡಬೇಡಿ. ಜಿಟ್ಸಿಯಲ್ಲಿ ಕೋಣೆಯ ಹೆಸರೇ ವಿಳಾಸ. ಹೆಸರು ಊಹಿಸಿದವರು ಬಾಗಿಲಿಗೆ ಬಂದುಬಿಡುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಶಬ್ದ ಕೂಡಿಸಿದ ಉದ್ದ ಹೆಸರಿಡಿ, ಪಾಸ್‌ವರ್ಡ್ ಹಾಕಿ, ಅದನ್ನು ಬರೆದು ಕಳಿಸದೆ ಬಾಯಲ್ಲೇ ಹೇಳಿ. ಲಾಬಿ ಎಂಬ ಆಯ್ಕೆ ಹಚ್ಚಿದರೆ ಪಾಸ್‌ವರ್ಡ್ ಹಾಕದೆ ಬಂದವರು ಹೊರಗೆ ಕಾಯುತ್ತಾರೆ, ನೀನು ಹೆಸರು ನೋಡಿ ಒಳಗೆ ಬಿಡಬೇಕು. ಗುರುತಿಲ್ಲದ ಒಬ್ಬರನ್ನೂ ಬಿಡಬೇಡ.

ಇಂಥವೇ ಇನ್ನೆರಡು ಮುಕ್ತ ತಂತ್ರಾಂಶಗಳ ಮಾತು ಬೇಗ ಮುಗಿಸುತ್ತೇನೆ. ಬಿಗ್‌ಬ್ಲೂಬಟನ್ ಎಂಬುದು ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಲೆಂದೇ ಹುಟ್ಟಿದ್ದು. ಬಿಳಿ ಹಲಗೆ, ಎಲ್ಲರೂ ಕೂಡಿ ಬರೆಯುವ ಟಿಪ್ಪಣಿ ಎಲ್ಲ ಅದರಲ್ಲಿವೆ. ಪುಸ್ತಕ ಬರೆಯುವವರ ತರಬೇತಿಗೆ ಅದಕ್ಕಿಂತ ಛಲೋದು ನಾನು ನೋಡಿಲ್ಲ, ಆದರೆ ಅದಕ್ಕೆ ದೊಡ್ಡ ಸರ್ವರ್ ಬೇಕು. ಒಕ್ಕೂಟ ಬೆಳೆದ ಮೇಲೆ ನೋಡೋಣ. ಜಾಮಿ ಎಂಬುದರಲ್ಲಿ ಮಾತು ಸಾಧ್ಯವಾದಷ್ಟೂ ನಡುವೆ ಸರ್ವರಿಲ್ಲದೆ ಹೋಗುತ್ತದೆ. ಫೋನಿನಿಂದ ಫೋನಿಗೆ ನೇರ. ಗುಟ್ಟಿನ ಮಟ್ಟಿಗೆ ಗಟ್ಟಿ. ಆದರೆ ಮಂದಿ ಹೆಚ್ಚಿದಂತೆ ಭಾರವೆಲ್ಲ ಫೋನಿನ ಮೇಲೆ ಬೀಳುತ್ತದೆ. ನಾವಿಬ್ಬರು ಮಾತಾಡಲು ಇಟ್ಟುಕೊಳ್ಳೋಣ.

ಇನ್ನೊಂದು ಮಾತು ಇದೆ, ಅದಕ್ಕೆ ಯಾವ ತಂತ್ರಾಂಶದಲ್ಲೂ ಉತ್ತರವಿಲ್ಲ. ವೈನಿಯ ಶೆಡ್ಡಿನ ಗೋಡೆ ತಗಡಿನದು. ಅವಳ ಪಕ್ಕದಲ್ಲೇ ಅಣ್ಣ ಕೂತಿರುತ್ತಾನೆ, ಆಚೆ ಕಡೆ ಮೇಸ್ತ್ರಿಯ ಮನೆಯವರು. ಮಾತು ದಾರಿಯಲ್ಲಿ ಎಷ್ಟೇ ಗೂಢವಾಗಿ ಬಂದರೂ ಸ್ಪೀಕರಿನಲ್ಲಿ ಹೊರಬಿದ್ದ ಮೇಲೆ ಅದು ಎಲ್ಲರದು. ಮೇಸ್ತ್ರಿಯ ಮುಂಗಡ ತೀರಿಸಲು ಸಂಘದಲ್ಲಿ ಸಾಲ ಕೇಳುವವಳು ಮೇಸ್ತ್ರಿಗೆ ಕೇಳಿಸುವಂತೆ ಹೇಗೆ ಕೇಳಿಯಾಳು? ಅದಕ್ಕೆ ಇಷ್ಟು ಮಾಡು. ಇಯರ್‌ಫೋನ್ ಕೊಳ್ಳಲು ಸಂಘದ ನಿಧಿಯಿಂದಲೇ ರೊಕ್ಕ ಕೊಡಿ. ಸಾಲದ ಮಾತಿಗೆ ಮೊದಲು ಪ್ರತಿಯೊಬ್ಬರನ್ನೂ "ಒಬ್ಬಳೇ ಅದೀಯೇನು?" ಎಂದು ಕೇಳು. ಇಲ್ಲ ಎಂದವಳ ವಿಷಯ ಅವತ್ತು ಎತ್ತಬೇಡ. ಅವಳು ನೀರಿಗೆ ಹೊರಗೆ ಬಂದಾಗ ನೀನೇ ಫೋನ್ ಮಾಡು. ಸಭೆಯನ್ನು ಯಾರೂ ರೆಕಾರ್ಡ್ ಮಾಡಬಾರದೆಂದು ಒಂದು ಠರಾವು ಬರೆಯಿರಿ. ಇನ್ನೊಂದು ಫೋನಿಟ್ಟು ರೆಕಾರ್ಡ್ ಮಾಡುವವರನ್ನು ಜಿಟ್ಸಿಯೂ ತಡೆಯಲಾರದು, ಸಂಘದ ಮರ್ಯಾದೆಯಷ್ಟೇ ತಡೆಯಬಲ್ಲದು.

ಈ ಶನಿವಾರ ರಾತ್ರಿ ಎಂಟೂವರೆಗೆ ಒಮ್ಮೆ ಪರೀಕ್ಷೆಗೆಂದು ಕೂಡೋಣ. ಅವತ್ತು ರೊಕ್ಕದ ಮಾತು ಬೇಡ. ಬರೀ ಒಳಗೆ ಬರುವುದು, ಮೈಕ್ ಒತ್ತುವುದು, ಕೈ ಎತ್ತುವ ಗುರುತು ಒತ್ತುವುದು. ನೀನು ಮತ್ತು ಪುಸ್ತಕ ಬರೆಯುವವಳು ಅರ್ಧ ತಾಸು ಮೊದಲೇ ಬನ್ನಿ. ಓದು ಬಾರದ ಇಬ್ಬರಿಗೆ ಲಿಂಕ್ ಒತ್ತುವುದನ್ನು ಹಗಲಲ್ಲೇ ಕೈ ಹಿಡಿದು ತೋರಿಸಿಡು. ಇಲ್ಲಿ ವೈನಿಯ ಜೊತೆ ನಾನು ಕೂರುತ್ತೇನೆ, ಪವರ್ ಬ್ಯಾಂಕ್ ಒಯ್ಯುತ್ತೇನೆ. ಕೋಣೆಯ ಹೆಸರಿಗೆ ಶಬ್ದಗಳನ್ನು ನೀವೇ ಆರಿಸಿ, ಶುಕ್ರವಾರ ಫೋನಿನಲ್ಲಿ ನನಗೆ ಹೇಳು.

ಅವ್ವನಿಗೆ ಎಣ್ಣೆ ತಿಕ್ಕುವುದನ್ನು ಬಿಡಬೇಡ ಎನ್ನು. ಮಕ್ಕಳಿಗೆ ನನ್ನ ಪ್ರೀತಿ.

ನಿನ್ನ ತಂಗಿ